ಚರಂಡಿ ಕಟ್ಟಿಕೊಂಡರೆ ಖರ್ಚು ಯಾರದ್ದು? ಬಾಡಿಗೆದಾರರು, ಮಾಲಕರು, ನೆರೆಯವರು, ಪಾಲಿಕೆ: ಹೆಜ್ಜೆ ಹೆಜ್ಜೆಯಾಗಿ ನೋಡೋಣ

ವಿಜಯಪುರದಲ್ಲಿ ನಾವು ಬಾಡಿಗೆಗಿದ್ದದ್ದು ಕೆಳಗಿನ ಮನೆ. ಮಾಲಕರು ಮೇಲಿನ ಮಹಡಿಯಲ್ಲಿದ್ದರು. ಒಂದು ದಿನ ಬೆಳಿಗ್ಗೆ ಅವರು ಮೇಲೆ ಸ್ನಾನ ಮಾಡುತ್ತಿದ್ದರು. ಕೆಳಗೆ ನಮ್ಮ ಬಚ್ಚಲದ ಜಾಲಿಯಿಂದ ಸೋಪಿನ ನೊರೆ ಉಕ್ಕತೊಡಗಿತು. ನಾವು ಆವತ್ತು ಇನ್ನೂ ನಳವನ್ನೇ ತಿರುಗಿಸಿರಲಿಲ್ಲ.

ಆ ವರ್ಷ ಮೂರು ಸಲ ಹೀಗಾಯಿತು. ಮೊದಲ ಎರಡು ಸಲ ಪೂರ್ತಿ ಹಣ ನಾವೇ ಕೊಟ್ಟೆವು. "ನಿಮ್ಮ ಬಚ್ಚಲಾನೇ ಕಟ್ಟೈತಲ್ರಿ, ನೀವೇ ತಗಸ್ರಿ" ಅಂದಿದ್ದರು ಮಾಲಕರು. ನಮಗೂ ಅದು ಸರಿ ಅನಿಸಿತ್ತು. ಮೂರನೇ ಸಲ ಬಂದ ಪ್ಲಂಬರ್ ಅಂಗಳ ಅಗೆದು ತೋರಿಸಿದ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ, ನಾಲ್ಕು ಇಂಚಿನ ಪೈಪಿನ ಜಾಯಿಂಟ್ ಒಂದು ಕಡೆ ಜಾರಿತ್ತು. ಆ ಸಂದಿಯಿಂದ ಮಣ್ಣು ಒಳಗೆ ಇಳಿದು ಗಟ್ಟಿಯಾಗಿ ಕೂತಿತ್ತು. ಕಣ್ಣಾರೆ ನೋಡಿದ ಮೇಲೆ ಮಾಲಕರು ವಾದ ಮಾಡಲಿಲ್ಲ. ಆ ಸಲದ ಖರ್ಚು ಅವರೇ ಕೊಟ್ಟರು. ಹಿಂದಿನ ಎರಡು ಸಲದ ಹಣವನ್ನೂ ಮುಂದಿನ ತಿಂಗಳ ಬಾಡಿಗೆಯಲ್ಲಿ ಕಡಿಮೆ ಮಾಡಿದರು.

ನೀರು ಎಲ್ಲಿ ಮೇಲೆ ಬಂತು ಅನ್ನುವುದರ ಮೇಲೆ ಖರ್ಚು ಯಾರದ್ದೆಂದು ಹೇಳಲು ಬರುವುದಿಲ್ಲ. ಎಲ್ಲಿ ಕಟ್ಟಿದೆ, ಯಾವುದರಿಂದ ಕಟ್ಟಿದೆ ಅನ್ನುವುದನ್ನು ನೋಡಬೇಕು. ಕೆಳಗಿನ ಮನೆಯವರು, ಓಣಿಯ ತಗ್ಗಿನಲ್ಲಿರುವವರು ಯಾವಾಗಲೂ ಬೇರೆಯವರ ನೀರಿಗೆ ಹಣ ಕಟ್ಟುತ್ತಿರುತ್ತಾರೆ. ನೀವೂ ಹಾಗೆ ಕಟ್ಟಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ನೀರಿನ ದಾರಿ ತಿಳಿದುಕೊಳ್ಳಿ

ಅಡುಗೆಮನೆಯ ಸಿಂಕ್, ಬಚ್ಚಲ, ಸಂಡಾಸು ಪ್ರತಿಯೊಂದಕ್ಕೂ ಒಂದು ಟ್ರ್ಯಾಪ್ ಇರುತ್ತದೆ. ಅದರಲ್ಲಿ ಸ್ವಲ್ಪ ನೀರು ಸದಾ ನಿಂತು ವಾಸನೆ ತಡೆಯುತ್ತದೆ. ಅಲ್ಲಿಂದ ಪೈಪುಗಳು ಮನೆಯ ಹೊರಗಿನ ಚೇಂಬರ್‌ಗಳಿಗೆ, ಅಂದರೆ ಮುಚ್ಚಳ ಇರುವ ಸಣ್ಣ ಗುಂಡಿಗಳಿಗೆ ಬರುತ್ತವೆ. ಕಂಪೌಂಡಿನ ಪಕ್ಕ ಕೊನೆಯ ಚೇಂಬರ್. ಅಲ್ಲಿಂದ ಒಂದು ಪೈಪು ರಸ್ತೆಯ ಒಳಚರಂಡಿಗೆ, ಅಂದರೆ ಮ್ಯಾನ್‌ಹೋಲ್ ಇರುವ ದೊಡ್ಡ ಲೈನಿಗೆ ಸೇರುತ್ತದೆ. ಒಳಚರಂಡಿ ಇಲ್ಲದ ಬಡಾವಣೆಯಲ್ಲಿ ಸಂಡಾಸಿನ ನೀರು ಸೆಪ್ಟಿಕ್ ಟ್ಯಾಂಕಿಗೆ, ಬಚ್ಚಲದ ನೀರು ಮುಂದಿನ ಗಟಾರಕ್ಕೆ ಹೋಗುತ್ತದೆ.

ಈ ದಾರಿಯಲ್ಲಿ ನಾಲ್ಕು ತುಂಡುಗಳಿವೆ. ಟ್ರ್ಯಾಪ್ ಮತ್ತು ಜಾಲಿ ಮೊದಲನೆಯದು. ಗೋಡೆ, ನೆಲದೊಳಗಿನ ಪೈಪು ಮತ್ತು ಅಂಗಳದ ಚೇಂಬರ್ ಎರಡನೆಯದು. ಕೊನೆಯ ಚೇಂಬರಿನಿಂದ ರಸ್ತೆ ಲೈನಿನವರೆಗಿನ ಜೋಡಣೆ ಪೈಪು ಮೂರನೆಯದು. ರಸ್ತೆಯ ಲೈನು ನಾಲ್ಕನೆಯದು. ಕಸ ಯಾವ ತುಂಡಿನಲ್ಲಿ ಸಿಕ್ಕಿದೆ ಅಂತ ಗೊತ್ತಾದರೆ ಅರ್ಧ ಜಗಳ ಅಲ್ಲೇ ತೀರುತ್ತದೆ.

ಹೆಜ್ಜೆ 1: ಎಲ್ಲಿ ಕಟ್ಟಿದೆ ಅಂತ ನೀವೇ ನೋಡಿ

ಯಾರಿಗೂ ಫೋನ್ ಮಾಡುವ ಮೊದಲು ಇದನ್ನು ಮಾಡಿ. ಹತ್ತು ನಿಮಿಷದ ಕೆಲಸ.

ಮನೆಯವರೆಲ್ಲ ನೀರು ಬಳಸುವುದನ್ನು ನಿಲ್ಲಿಸಿ. ಮೇಲಿನ ಮನೆಯವರಿಗೂ ಹೇಳಿ. ಆಮೇಲೆ ಒಂದೊಂದೇ ಕಡೆ ಅರ್ಧ ಬಕೆಟ್ ನೀರು ಹಾಕಿ ನೋಡಿ. ಸಿಂಕ್ ಮಾತ್ರ ನಿಂತಿದೆ, ಬಚ್ಚಲ ಸರಾಗವಾಗಿದೆ ಅಂದರೆ ಸಿಂಕಿನ ಟ್ರ್ಯಾಪ್‌ನಲ್ಲೋ, ಅದರದ್ದೇ ಪೈಪಿನಲ್ಲೋ ಕಟ್ಟಿದೆ. ಎಲ್ಲ ಕಡೆಯೂ ನಿಂತಿದ್ದರೆ, ಒಂದು ಕಡೆ ಹಾಕಿದ ನೀರು ಇನ್ನೊಂದು ಕಡೆ ಏಳುತ್ತಿದ್ದರೆ, ಎಲ್ಲ ಪೈಪುಗಳೂ ಒಂದಾದ ನಂತರದ ಲೈನಿನಲ್ಲಿ ಕಟ್ಟಿದೆ.

ಈಗ ಅಂಗಳದ ಚೇಂಬರಿನ ಮುಚ್ಚಳ ತೆಗೆಯಿರಿ. ಮಕ್ಕಳನ್ನು ದೂರ ಕಳಿಸಿ, ಬಗ್ಗಿ ಮುಖ ಇಡಬೇಡಿ, ಸ್ವಲ್ಪ ಗಾಳಿ ಆಡಲು ಬಿಡಿ. ಚೇಂಬರ್ ಒಣಗಿದೆ, ಮನೆಯೊಳಗೆ ಮಾತ್ರ ನೀರು ನಿಂತಿದೆ ಅಂದರೆ ಮನೆ ಮತ್ತು ಆ ಚೇಂಬರಿನ ನಡುವೆ ಕಟ್ಟಿದೆ. ಚೇಂಬರ್ ತುಂಬಿದ್ದರೆ ಅದರ ಮುಂದೆ. ಹೀಗೇ ಮುಂದಿನ ಚೇಂಬರ್ ನೋಡುತ್ತಾ ಹೋಗಿ. ತುಂಬಿದ ಚೇಂಬರಿಗೂ ಅದರ ಮುಂದಿನ ಖಾಲಿ ಚೇಂಬರಿಗೂ ನಡುವೆ ಎಲ್ಲೋ ಕಸ ಸಿಕ್ಕಿರುತ್ತದೆ. ಕಂಪೌಂಡಿನ ಕೊನೆಯದೂ ತುಂಬಿದ್ದರೆ ತೊಂದರೆ ನಿಮ್ಮ ಗೇಟಿನ ಹೊರಗಿದೆ.

ಆಗ ಅಕ್ಕಪಕ್ಕ ಕೇಳಿ. "ವೈನಿ, ನಿಮ್ಮ ಬಚ್ಚಲದ ನೀರು ಹೋಗ್ತೈತೇನ್ರಿ?" ಅವರಲ್ಲೂ ನಿಂತಿದ್ದರೆ ರಸ್ತೆಯ ಲೈನ್ ಕಟ್ಟಿದೆ. ನಿಮ್ಮದು ಮಾತ್ರ ನಿಂತಿದ್ದರೆ ಬಹುಮಟ್ಟಿಗೆ ನಿಮ್ಮ ಜೋಡಣೆ ಪೈಪು.

ರಸ್ತೆಯ ಮ್ಯಾನ್‌ಹೋಲ್ ಮುಚ್ಚಳವನ್ನು ಮಾತ್ರ ನೀವು ತೆಗೆಯಲೇಬೇಡಿ. ಒಳಗೆ ಹೈಡ್ರೋಜನ್ ಸಲ್ಫೈಡ್ ಅನ್ನುವ ಅನಿಲ ಇರಬಹುದು. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಜಾಸ್ತಿ ಇದ್ದರೆ ಮೂಗಿಗೆ ವಾಸನೆ ಹಿಡಿಯುವ ಶಕ್ತಿಯೇ ಹೋಗಿಬಿಡುತ್ತದೆ. ವಾಸನೆ ಇಲ್ಲ, ಹಾಗಾಗಿ ಅಪಾಯ ಇಲ್ಲ ಅನ್ನುವುದು ಸುಳ್ಳು.

ತುಂಬಿದ ಚೇಂಬರ್, ಖಾಲಿ ಚೇಂಬರ್ ಎರಡರ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಮಾತಿಗೆ ಆಧಾರ ಇದೇ.

ಹೆಜ್ಜೆ 2: ಕೈಯಲ್ಲಾಗುವುದನ್ನು ಮಾಡಿ

ಸಿಂಕ್ ಮಾತ್ರ ಕಟ್ಟಿದ್ದರೆ ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರ್ಯಾಪ್ ಬಿಚ್ಚಿ ತೊಳೆಯಿರಿ. ನಮ್ಮ ಕಡೆ ರೊಟ್ಟಿ ಮಾಡುವ ಮನೆಗಳಲ್ಲಿ ಪರಾತ ತೊಳೆದ ಹಿಟ್ಟಿನ ನೀರು, ಮೇಲೆ ಒಗ್ಗರಣೆಯ ಎಣ್ಣೆ ಎರಡೂ ಸೇರಿ ಒಳಗೆ ಮೇಣದ ಹಾಗೆ ಅಂಟಿರುತ್ತದೆ. ಬಿಸಿ ನೀರು ಹಾಕಬಹುದು. ಕುದಿಯುವ ನೀರು ಬೇಡ, ಪಿವಿಸಿ ಪೈಪು ಮೆತ್ತಗಾಗಿ ಸೊಟ್ಟಗಾಗುತ್ತದೆ. ಬಚ್ಚಲದಲ್ಲಾದರೆ ಜಾಲಿ ಎತ್ತಿ ಕೂದಲು ತೆಗೆಯಿರಿ. ರಬ್ಬರ್ ಪಂಪಿನಿಂದ ಒತ್ತಿ ನೋಡಿ.

ಆಸಿಡ್ ಸುರಿಯಬೇಡಿ. ಮೊದಲೇ ಯಾರೋ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಎರಡೂ ಸೇರಿ ಕ್ಲೋರಿನ್ ಅನಿಲ ಏಳುತ್ತದೆ. ಆಮೇಲೆ ಟ್ರ್ಯಾಪ್ ಬಿಚ್ಚಲು ಬರುವವನ ಕೈಗೂ ಅದೇ ಆಸಿಡ್ ತಾಗುತ್ತದೆ.

ಹೆಜ್ಜೆ 3: ಪ್ಲಂಬರ್ ಬರುವ ಮೊದಲೇ ಮಾತಾಡಿ

ಬಾಡಿಗೆ ಮನೆಯಾದರೆ ಮಾಲಕರಿಗೆ ಮೊದಲು ವಾಟ್ಸಾಪ್ ಮಾಡಿ. ಫೋಟೋ ಕಳಿಸಿ. "ಕೊನೆಯ ಚೇಂಬರ್ ತುಂಬಿದೆ, ಮನೆಯೊಳಗಿನದಲ್ಲ ಅನಿಸುತ್ತದೆ. ಪ್ಲಂಬರನ್ನು ಕರೆಸುತ್ತಿದ್ದೇನೆ. ಏನು ಹೊರಗೆ ಬಂತು ಅಂತ ನೋಡಿ ಖರ್ಚು ಮಾತಾಡೋಣ" ಅಂತ ಬರೆಯಿರಿ. ಕೆಲಸ ಮುಗಿದ ಮೇಲೆ ಬಿಲ್ ಮುಂದಿಟ್ಟರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ಮೊದಲೇ ತಿಳಿಸಿದರೆ ಅವರೂ ಬಂದು ನಿಲ್ಲುತ್ತಾರೆ.

ಪ್ಲಂಬರ್ ಜೊತೆಗೂ ಮೊದಲೇ ಮಾತಾಡಿ. ಸ್ಪ್ರಿಂಗ್ ಹಾಕಿ ತೆಗೆಯಲು ಎಷ್ಟು, ಅಗೆಯಬೇಕಾದರೆ ಎಷ್ಟು, ಮತ್ತೆ ಮುಚ್ಚಿ ಸಿಮೆಂಟ್ ಹಾಕುವುದು ಅದರಲ್ಲೇ ಸೇರಿದೆಯಾ ಅಂತ ಬೇರೆ ಬೇರೆಯಾಗಿ ಕೇಳಿ. ಚೀಟಿಯಲ್ಲಿ ಹಣದ ಜೊತೆ ಎಲ್ಲಿ ಕಟ್ಟಿತ್ತು, ಏನು ಸಿಕ್ಕಿತು ಅಂತ ಒಂದು ಸಾಲು ಬರೆಸಿಕೊಳ್ಳಿ. ನಮ್ಮ ಮೂರನೇ ಸಲದ ಚೀಟಿಯಲ್ಲಿ ಅಂಥದ್ದೊಂದು ಸಾಲು ಇತ್ತು. ಮೊದಲೆರಡರಲ್ಲಿ ಬರೀ ಮೊತ್ತ ಇತ್ತು.

ಹೆಜ್ಜೆ 4: ಹೊರಗೆ ಬಂದದ್ದನ್ನು ನೋಡಿ ಬಾಡಿಗೆದಾರ, ಮಾಲಕ ಲೆಕ್ಕ ಹಾಕಿ

ಕೂದಲು, ಅನ್ನ, ಎಣ್ಣೆ ಜಿಡ್ಡು, ಬಟ್ಟೆ ತುಂಡು, ಸ್ಯಾನಿಟರಿ ಪ್ಯಾಡ್, ಶಾಂಪೂ ಪಾಕೀಟು ಬಂದರೆ ಅದು ದಿನದ ಬಳಕೆಯಿಂದ ಆದದ್ದು. ಖರ್ಚು ಬಳಸುವವರದ್ದು, ಅಂದರೆ ಬಾಡಿಗೆದಾರರದ್ದು. ಬೇರು, ಮಣ್ಣು, ಒಡೆದ ಪೈಪಿನ ಚೂರು, ಮನೆ ಕಟ್ಟುವಾಗ ಬಿದ್ದ ಸಿಮೆಂಟ್ ಗಟ್ಟಿ ಬಂದರೆ ಕಟ್ಟಡದ ದೋಷ. ಖರ್ಚು ಮಾಲಕರದ್ದು. ಇಳಿಜಾರು ಸಾಲದಿದ್ದರೂ ಮಾಲಕರದ್ದೇ. ನಾಲ್ಕು ಇಂಚಿನ ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು ಇರಲಿ ಅನ್ನುವುದು ಗಾರೆ ಕೆಲಸದವರ ಸಾಮಾನ್ಯ ಲೆಕ್ಕ. ತೀರ ಕಡಿಮೆ ಇದ್ದರೆ ಎಷ್ಟು ಎಚ್ಚರವಾಗಿ ಬಳಸಿದರೂ ಕಸ ಕೂರುತ್ತದೆ. ಒಂದೇ ಜಾಗದಲ್ಲಿ ಪದೇ ಪದೇ ಕಟ್ಟುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ಇಳಿಜಾರನ್ನು, ಇಲ್ಲವೇ ಜಾಯಿಂಟನ್ನು.

ವಿಜಯಪುರ, ಬಾಗಲಕೋಟೆ ಕಡೆ ಎರೆ ಭೂಮಿಯ ಮೇಲೆ ಕಟ್ಟಿದ ಮನೆಯಾದರೆ ಜಾಯಿಂಟ್ ಜಾರುವುದು ಅಪರೂಪವೇನಲ್ಲ. ಪೈಪಿನ ಕೆಳಗೆ, ಸುತ್ತ ಉಸುಕು ಹಾಕಿ ಕೂರಿಸಿದ್ದರೆ ಒತ್ತಡ ಕಡಿಮೆಯಾಗುತ್ತದೆ. ಅದನ್ನು ಹಾಕಿಸುವುದು ಕಟ್ಟಿಸುವವರ ಕೈಯಲ್ಲಿದೆ, ಬಾಡಿಗೆಗೆ ಇರುವವರ ಕೈಯಲ್ಲಲ್ಲ.

ಕಾನೂನು ಏನು ಹೇಳುತ್ತದೆ? 2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲಿ ಚರಂಡಿ ಸ್ವಚ್ಛ ಮಾಡಿಸುವುದು ಬಾಡಿಗೆದಾರರ ಪಾಲಿಗೆ ಇದೆ. ಅಗತ್ಯ ಬಿದ್ದಾಗ ಪೈಪು ಬದಲಿಸುವುದು, ಕಟ್ಟಡದ ರಿಪೇರಿ ಮಾಲಕರ ಪಾಲಿಗೆ. ಇದು ರಾಜ್ಯಗಳಿಗೆ ಕೊಟ್ಟ ಮಾದರಿ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಕಟ್ಟುನಿಟ್ಟು. ಆದರೂ ಇಬ್ಬರ ನಡುವೆ ಮಾತು ಮುಗಿಸಲು ಒಳ್ಳೆಯ ಅಳತೆ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಇನ್ನೂ ಮುಖ್ಯ. ಸಹಜ ಸವೆತ ಬಿಟ್ಟು ಮನೆಯನ್ನು ಸುಸ್ಥಿತಿಯಲ್ಲಿ ಇಡಬೇಕಾದ್ದು ಬಾಡಿಗೆದಾರರು. ಮಾಲಕರು ಮಾಡಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆಯಬಹುದು. ಇಲ್ಲಿ "ಮಾಡಲೇಬೇಕಾದ" ಅನ್ನುವ ಮಾತನ್ನು ಗಮನಿಸಿ. ಯಾವುದು ಮಾಲಕರು ಮಾಡಲೇಬೇಕಾದ ರಿಪೇರಿ ಅನ್ನುವುದು ಕರಾರಿನಲ್ಲಿ ಬರೆದಿದ್ದರೆ ನಿಮ್ಮ ಕೈ ಗಟ್ಟಿ. ಬರೆಯದೆ ಸುಮ್ನೆ ಬಾಡಿಗೆ ಕಡಿತ ಮಾಡಿದರೆ ಅದೇ ಬಾಕಿ ಅನ್ನಿಸಿಕೊಂಡು ನಿಮ್ಮ ಮೇಲೇ ಬರುತ್ತದೆ.

ಹೆಜ್ಜೆ 5: ನಾಲ್ಕಾರು ಮನೆ ಒಂದೇ ಲೈನಾದರೆ

ಬೆಳಗಾವಿಯ ವಡಗಾವಿ, ಖಾಸಬಾಗ, ಶಹಾಪುರದ ಹಳೆಯ ಓಣಿಗಳಲ್ಲಿ, ಬಾಗಲಕೋಟೆಯ ಹಳೇ ಊರಿನಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಹಿತ್ತಲಿನಲ್ಲಿ ಒಂದೇ ಪೈಪು, ಎಲ್ಲರ ನೀರೂ ಅದರಲ್ಲೇ. "ಎಲ್ಲರೂ ಸಮನಾಗಿ ಕೊಡೋಣ" ಅನ್ನುವುದು ಸುಲಭ. ಆದರೆ ನ್ಯಾಯ ಅಲ್ಲ. ನನ್ನ ಲೆಕ್ಕ ಹೀಗೆ: ಕಟ್ಟಿದ ಜಾಗದ ಮೂಲಕ ಯಾರ ಯಾರ ನೀರು ಹಾದುಹೋಗುತ್ತದೋ ಅವರೆಲ್ಲ ಕೊಡಬೇಕು. ಉಳಿದವರು ಕೊಡಬೇಕಿಲ್ಲ.

ನಾಲ್ಕು ಮನೆ ಸಾಲಾಗಿವೆ ಅಂದುಕೊಳ್ಳಿ. ನೀರು ಒಂದನೇ ಮನೆಯಿಂದ ನಾಲ್ಕನೇ ಮನೆಯ ಕಡೆಗೆ, ಅಲ್ಲಿಂದ ರಸ್ತೆಗೆ. ಎರಡು ಮತ್ತು ಮೂರನೇ ಮನೆಯ ನಡುವೆ ಕಟ್ಟಿದೆ. ಬಿಲ್ 2,400 ರೂಪಾಯಿ. ಆ ಜಾಗ ದಾಟುವುದು ಒಂದು ಮತ್ತು ಎರಡನೇ ಮನೆಯ ನೀರು ಮಾತ್ರ. ಇಬ್ಬರೂ 1,200 ಕೊಡಲಿ. ಕೊಳೆ ನೀರು ಏಳುವುದು ಎರಡನೇ ಮನೆಯಲ್ಲೇ, ಆದರೂ ಒಂದನೇ ಮನೆಯವರು ಅರ್ಧ ಕೊಡಬೇಕು. ನಾಲ್ಕನೇ ಮನೆ ದಾಟಿದ ಮೇಲೆ ಕಟ್ಟಿದ್ದರೆ ನಾಲ್ವರಿಗೂ 600. ಆದರೆ ಮೂರನೇ ಮನೆಯವರು ಪೈಪಿನ ಮೇಲೇ ಕಾಲಮ್ ಎಬ್ಬಿಸಿ ಪೈಪು ಒಡೆದಿದ್ದರೆ ಪೂರ್ತಿ ಅವರದ್ದೇ. ಮಗ್ಗ ಇರುವ ಮನೆಯ ನೂಲಿನ ಉಂಡೆಯೇ ಹೊರಗೆ ಬಂದರೆ ಆ ಮನೆಯವರು ಜಾಸ್ತಿ ಕೊಡುವುದು ಸರಿ.

ನಿಮ್ಮ ಪೈಪು ನೆರೆಯವರ ಜಾಗದಲ್ಲಿ ಹಾದುಹೋಗಿದ್ದರೆ? 1882ರ ಅನುಭೋಗದ ಹಕ್ಕುಗಳ ಕಾಯ್ದೆ ಪ್ರಕಾರ, 20 ವರ್ಷ ಯಾವ ತಡೆಯೂ ಇಲ್ಲದೆ, ಬಹಿರಂಗವಾಗಿ, ಹಕ್ಕಿನಿಂದ ಬಳಸಿದ್ದರೆ ಅದು ನಿಮ್ಮ ಹಕ್ಕಾಗುತ್ತದೆ. ಅವರು ಮುಚ್ಚುವ ಹಾಗಿಲ್ಲ. ಆದರೆ ಆ ಪೈಪನ್ನು ರಿಪೇರಿ ಮಾಡಿಸುವ ಖರ್ಚು, ಹಕ್ಕು ಅನುಭವಿಸುವ ನಿಮ್ಮದು. ಜಾಗ ಅವರದ್ದು ಅಂತ ಅವರ ಮೇಲೆ ಹಾಕಬೇಡಿ. ಅಗೆದ ಜಾಗವನ್ನು ಮೊದಲಿನಂತೆ ಮಾಡಿಕೊಡಿ.

ಅಪಾರ್ಟ್‌ಮೆಂಟ್ ಆದರೆ ಸುಲಭ. ನಿಮ್ಮ ಫ್ಲ್ಯಾಟಿನೊಳಗಿನದು ನಿಮ್ಮದು. ಎಲ್ಲ ಮಹಡಿಗೂ ಸೇರಿದ ನಿಂತ ಪೈಪು, ಕೆಳಗಿನ ಚೇಂಬರ್ ಎಲ್ಲರ ಸಾಮಾನ್ಯ ಖರ್ಚು. ಸಂಘದ ನಿರ್ವಹಣಾ ಹಣದಿಂದ ಕೊಡಬೇಕು.

ಹೆಜ್ಜೆ 6: ಗೇಟಿನ ಹೊರಗೆ ಕಟ್ಟಿದ್ದರೆ

"ಗೇಟಿನ ಹೊರಗಿನದೆಲ್ಲ ಪಾಲಿಕೆಯದು" ಅಂತ ತುಂಬ ಜನ ನಂಬಿದ್ದಾರೆ. ಹಾಗಲ್ಲ. ಬೆಳಗಾವಿ, ವಿಜಯಪುರ ಎರಡಕ್ಕೂ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ ಅನ್ವಯ. ಅದರ ಪ್ರಕಾರ ಮನೆಯ ಚರಂಡಿ ಆವರಣದ ಒಳಗಿರಲಿ, ಹೊರಗಿರಲಿ, ಪಾಲಿಕೆಯ ನಿಯಂತ್ರಣದಲ್ಲಿರುತ್ತದೆ. ಆದರೆ ರಿಪೇರಿ ಮಾಡಿಸಿ ಸುಸ್ಥಿತಿಯಲ್ಲಿಡುವ ಖರ್ಚು ಆ ಮನೆಯ ಮಾಲಕರದ್ದು. ಹಾಗಾಗಿ ರಸ್ತೆ ಲೈನಿನವರೆಗಿನ ಜೋಡಣೆ ಪೈಪು ಮಾಲಕರ ಲೆಕ್ಕ. ಅದಕ್ಕಾಗಿ ರಸ್ತೆ ಅಗೆಯಬೇಕಾದರೆ ಮೊದಲು ಅನುಮತಿ ಪಡೆದು ಶುಲ್ಕ ಕಟ್ಟಬೇಕು. ರಾತ್ರೋರಾತ್ರಿ ಅಗೆದರೆ ದಂಡ ಬೀಳುತ್ತದೆ.

ರಸ್ತೆಯ ದೊಡ್ಡ ಲೈನು, ಮ್ಯಾನ್‌ಹೋಲ್, ಸಾರ್ವಜನಿಕ ಗಟಾರ ಮಾತ್ರ ಪಾಲಿಕೆ ಅಥವಾ ನಗರಸಭೆಯದು. ಅದನ್ನು ತೆಗೆಸಲು ನೀವು ಕೈಯಿಂದ ಹಣ ಕೊಡಬೇಕಿಲ್ಲ. ಯಾರಾದರೂ ಕೇಳಿದರೆ ರಸೀದಿ ಕೇಳಿ.

ಯಾರಿಗೆ ದೂರು ಕೊಡಬೇಕು ಅನ್ನುವಲ್ಲೂ ಗೊಂದಲ ಇದೆ. ಬೆಳಗಾವಿಯ ಕ್ಯಾಂಪ್ ಪ್ರದೇಶ ಪಾಲಿಕೆಗೆ ಸೇರಿಲ್ಲ, ಅಲ್ಲಿ ಕಂಟೋನ್ಮೆಂಟ್ ಬೋರ್ಡ್ ಇದೆ. ಬಾಗಲಕೋಟೆಯಲ್ಲಿ ಇರುವುದು ನಗರಸಭೆ. ಆದರೆ ಆಲಮಟ್ಟಿ ಹಿನ್ನೀರಿನಿಂದ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ನವನಗರವನ್ನು ಮಾಡಿದ್ದು ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ, ನಮ್ಮ ಮಾತಿನಲ್ಲಿ ಬಿಟಿಡಿಎ. ನವನಗರದವರು ತಮ್ಮ ಸೆಕ್ಟರಿನ ಒಳಚರಂಡಿ ಯಾರ ಕೈಯಲ್ಲಿದೆ ಅಂತ ಮೊದಲು ಕೇಳಿಕೊಂಡು ಹೋಗಿ. ಒಂದು ಸುತ್ತು ಉಳಿಯುತ್ತದೆ.

ದೂರಿನಲ್ಲಿ ವಾರ್ಡ್ ಸಂಖ್ಯೆ, ಮನೆ ತೆರಿಗೆ ರಸೀದಿಯಲ್ಲಿರುವ ಆಸ್ತಿ ಸಂಖ್ಯೆ, ಹತ್ತಿರದ ಗುರುತು, ಎಷ್ಟು ಮನೆಗೆ ತೊಂದರೆ, ಎಷ್ಟು ದಿನದಿಂದ ಅಂತ ಬರೆಯಿರಿ. ನಾಲ್ಕು ಮನೆಯವರ ಸಹಿ ಇರಲಿ. ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬರೀ ಫೋನ್ ಮಾಡಿದ್ದರೆ ದೂರು ಸಂಖ್ಯೆ ಬರೆದುಕೊಳ್ಳಿ. ಕೆಲಸ ಆಗದಿದ್ದರೆ ರಾಜ್ಯದ ಜನಸ್ಪಂದನ ಸಹಾಯವಾಣಿ 1902. ಆಗಲೂ ಆಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ, ನಿಮ್ಮ ದೂರಿನ ಮೇಲೆ ಏನು ಕ್ರಮ ಆಯಿತು ಅಂತ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.

ದೂರು ಕೊಡುವ ಮೊದಲು ನಿಮ್ಮ ಮಾಳಿಗೆಯ ಮಳೆನೀರಿನ ಪೈಪು ಎಲ್ಲಿಗೆ ಹೋಗಿದೆ ಅಂತ ನೋಡಿ. ಅದನ್ನು ಒಳಚರಂಡಿ ಚೇಂಬರಿಗೆ ಬಿಟ್ಟಿದ್ದರೆ ತಪ್ಪು ನಿಮ್ಮಲ್ಲೂ ಇದೆ. ಒಳಚರಂಡಿ ಪೈಪಿನ ಅಳತೆ ಮನೆಬಳಕೆಯ ನೀರಿಗೆ ಮಾತ್ರ. ಬೆಳಗಾವಿಯ ಜುಲೈ ಮಳೆ ಅದರೊಳಗೆ ನುಗ್ಗಿದರೆ ತಗ್ಗಿನ ಮನೆಯವರ ಸಂಡಾಸಿನಲ್ಲಿ ಏಳುತ್ತದೆ. ಮಳೆನೀರು ರಸ್ತೆ ಬದಿಯ ಗಟಾರಕ್ಕೆ ಹೋಗಲಿ, ಇಲ್ಲವೇ ಇಂಗುಗುಂಡಿಗೆ.

ಹೆಜ್ಜೆ 7: ಸೆಪ್ಟಿಕ್ ಟ್ಯಾಂಕ್ ಇದ್ದರೆ

ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ತುಂಬಿ ಹರಿಯುವವರೆಗೆ ಕಾಯಬಾರದು. ಟ್ಯಾಂಕ್ ಮನೆಯ ಭಾಗ, ಹಾಗಾಗಿ ಮಾಲಕರ ಖರ್ಚು ಅನ್ನುವುದು ನನ್ನ ಅಭಿಪ್ರಾಯ. ಬಾಡಿಗೆದಾರರು ಬಹಳ ವರ್ಷ ಇದ್ದರೆ ಅರ್ಧ ಅರ್ಧ ಮಾಡಿಕೊಳ್ಳಬಹುದು. ಆರು ತಿಂಗಳ ಹಿಂದೆ ಬಂದವರ ಮೇಲೆ ಪೂರ್ತಿ ಹಾಕುವುದು ಅನ್ಯಾಯ.

ಇಲ್ಲಿ ಖರ್ಚಿಗಿಂತ ದೊಡ್ಡ ಮಾತು ಒಂದಿದೆ. ಟ್ಯಾಂಕಿನೊಳಗೆ, ಮ್ಯಾನ್‌ಹೋಲಿನೊಳಗೆ ಮನುಷ್ಯರನ್ನು ಇಳಿಸಬೇಡಿ. ಮಷಿನ್‌ಗಿಂತ ಕಡಿಮೆಗೆ ಮಾಡುತ್ತೇವೆ ಅಂತ ಅವರೇ ಬಂದು ಕೇಳಿದರೂ ಬೇಡ. ಮಲ ಹೊರುವ ಪದ್ಧತಿ ತಡೆಯಲು ಮಾಡಿದ 2013ರ ಕಾಯ್ದೆ ಅದನ್ನು ನಿಷೇಧಿಸಿದೆ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪಾಲಿಕೆಗೆ ಮಾತ್ರ ಅಲ್ಲ, ಕೆಲಸಕ್ಕೆ ಕರೆದ ಮನೆಯವರಿಗೂ ಅನ್ವಯ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಬ್ಬ ಇಳಿದು ಬಿದ್ದರೆ, ಎತ್ತಲು ಇಳಿದ ಎರಡನೆಯವನೂ ಬೀಳುತ್ತಾನೆ. ನಮ್ಮ ಮನೆಯ ಕೊಳೆಗೆ ಇನ್ನೊಬ್ಬರ ಮನೆಯ ಮಗ ಸಾಯಬಾರದು. ಸಕ್ಕಿಂಗ್ ಮಷಿನ್ ಗಾಡಿಗೆ ಪಾಲಿಕೆಯನ್ನು ಕೇಳಿ, ಅಥವಾ 14420ಕ್ಕೆ ಫೋನ್ ಮಾಡಿ.

ಹೆಜ್ಜೆ 8: ಮುಂದಿನ ಸಲಕ್ಕೆ ಈಗಲೇ ಬರೆದಿಡಿ

ಬಾಡಿಗೆ ಕರಾರಿನಲ್ಲಿ ಚರಂಡಿ ಬಗ್ಗೆ ಒಂದು ಸಾಲೂ ಇಲ್ಲದಿರುವುದೇ ಜಾಸ್ತಿ. ನಾವು ಈಗಿನ ಮನೆಗೆ ಬರುವಾಗ ಬರೆಸಿದ್ದು ಇದು. ಬೇಕಾದರೆ ಹಾಗೇ ಬಳಸಿಕೊಳ್ಳಿ:

"ಮನೆಯೊಳಗಿನ ಜಾಲಿ, ಟ್ರ್ಯಾಪ್ ಮತ್ತು ಸಿಂಕ್ ಸ್ವಚ್ಛ ಮಾಡಿಸುವ ಖರ್ಚು ಬಾಡಿಗೆದಾರರದ್ದು. ಪೈಪು ಒಡೆದು, ಜಾಯಿಂಟ್ ಜಾರಿ, ಬೇರು ಅಥವಾ ಮಣ್ಣು ಸೇರಿ, ಇಳಿಜಾರು ಸಾಲದೆ ಕಟ್ಟಿದರೆ ಆ ಖರ್ಚು ಮಾಲಕರದ್ದು. ಅದನ್ನು ಸರಿಪಡಿಸುವ ಹೊಣೆಯೂ ಅವರದ್ದು. ಎರಡು ಮನೆಗಳ ನೀರು ಸೇರುವ ಪೈಪು ಬಳಕೆಯ ಕಸದಿಂದ ಕಟ್ಟಿದರೆ ಎರಡೂ ಮನೆಯವರು ಸಮನಾಗಿ ಕೊಡತಕ್ಕದ್ದು. ತಿಳಿಸಿದ ಮೂರು ದಿನದೊಳಗೆ ಮಾಲಕರು ರಿಪೇರಿ ಮಾಡಿಸದಿದ್ದರೆ ಬಾಡಿಗೆದಾರರು ಮಾಡಿಸಿ, ರಸೀದಿ ಕೊಟ್ಟು, ಬಾಡಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು."

ಮನೆ ಸೇರುವ ದಿನ ಸಾಮಾನು ಇಳಿಸುವ ಮೊದಲೇ ಒಂದು ಕೆಲಸ ಮಾಡಿ. ಮಾಲಕರನ್ನು ಚೇಂಬರ್ ಹತ್ತಿರ ನಿಲ್ಲಿಸಿ. ಒಳಗಿನಿಂದ ಬಚ್ಚಲ, ಸಿಂಕ್, ಸಂಡಾಸು ಮೂರಕ್ಕೂ ಎರಡೆರಡು ಬಕೆಟ್ ನೀರು ಸುರಿಯಿರಿ. ಚೇಂಬರಿನಲ್ಲಿ ನೀರು ಎಷ್ಟು ಹೊತ್ತಿಗೆ ಬಂತು, ನಿಂತಿತೋ ಹರಿಯಿತೋ ಅಂತ ಮೊಬೈಲಿನಲ್ಲಿ ವಿಡಿಯೋ ಮಾಡಿ ಅವರಿಗೂ ಕಳಿಸಿಬಿಡಿ.